‘ನಿಮ್ಮ ಮೂಲ ಊರು ಯಾವುದು?’

ಕಳೆದ ವರ್ಷ ಅಂತರಕಾಲೇಜು ಕನ್ನಡ ಚರ್ಚಾ ಸ್ಪರ್ಧೆಯೊಂದಕ್ಕೆ ಹೋಗಿದ್ದೆ. ಬಹುಮಾನವೂ ಬಂತು. ಪ್ರಮಾಣಪತ್ರ ಕೊಡುವಾಗ ತೀರ್ಪುಗಾರರೊಬ್ಬರು ಪ್ರೀತಿಯಿಂದಲೇ ಕೇಳಿದರು: “ಕನ್ನಡ ತುಂಬಾ ಚೆನ್ನಾಗಿ ಮಾತಾಡ್ತೀಯಮ್ಮ. ಯಾವೂರು?”

“ಕಾವಲ್ ಬೈರಸಂದ್ರ ಸರ್, ಆರ್‌.ಟಿ. ನಗರದ ಹತ್ತಿರ.”

“ಅದು ಸರಿ. ಮೂಲ ಊರು?”

ನಮ್ಮಲ್ಲಿ ಅನೇಕರಿಗೆ ಈ ಪ್ರಶ್ನೆಯ ಪರಿಚಯ ಇದ್ದೇ ಇದೆ. ನನ್ನ ದಾದಾ ಶಿರಾದಿಂದ ಬಂದು ಜಾಲಹಳ್ಳಿಯ ಕೈಗಡಿಯಾರದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ನನ್ನ ತಂದೆ ಹುಟ್ಟಿದ್ದು ಇಲ್ಲೇ, ನಾನು ಹುಟ್ಟಿದ್ದೂ ಇಲ್ಲೇ. ಆದ್ದರಿಂದ ಸ್ವಲ್ಪ ಬಿಗುಮಾನದಿಂದಲೇ “ಮೂಲ ಊರೂ ಅದೇ ಸರ್” ಎಂದೆ. ಅವರು ನಕ್ಕು, “ಹಾಗಾದರೆ ಬೈರಸಂದ್ರ ಅಂದರೆ ಏನಮ್ಮ ಅರ್ಥ?” ಎಂದರು. ನನಗೆ ಗೊತ್ತಿರಲಿಲ್ಲ.

ಮೊದಲ ಪ್ರಶ್ನೆಗೆ ನನಗೆ ಬೇಸರವಾಗಿತ್ತು, ಎರಡನೆಯದಕ್ಕೆ ನಾಚಿಕೆಯಾಯಿತು. ಊರು ನನ್ನದು ಎಂದು ವಾದಿಸುವವಳಿಗೆ ಆ ಊರಿನ ಹೆಸರಿನ ಅರ್ಥ ತಿಳಿದಿರಬೇಡವೇ? ಈ ಲೇಖನ ಹುಟ್ಟಿದ್ದು ಆ ನಾಚಿಕೆಯಿಂದ. ನಮ್ಮ ವಿದ್ಯಾರ್ಥಿ ಸಂಘದ ಮುಂದೆ ಈಗ ಒಂದು ನಿರ್ಧಾರ ಬಾಕಿ ಇದೆಯಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಸಂದ್ರ ಎಂದರೆ ಸಮುದ್ರ

ಕನ್ನಡ ಉಪನ್ಯಾಸಕರನ್ನು ಕೇಳಿದಾಗ ಉತ್ತರ ಒಂದೇ ನಿಮಿಷದಲ್ಲಿ ಸಿಕ್ಕಿತು. ಸಂದ್ರ ಎಂದರೆ ಸಮುದ್ರ. ಹಿಂದಿನವರು ದೊಡ್ಡ ಕೆರೆ ಕಟ್ಟಿಸಿದಾಗ ಅದಕ್ಕೆ ಅಭಿಮಾನದಿಂದ ಸಮುದ್ರ ಎಂದು ಹೆಸರಿಡುತ್ತಿದ್ದರು. ಆಡುವವರ ಬಾಯಲ್ಲಿ ಅದು ಸವೆದು ಸಂದ್ರವಾಯಿತು. ಬೈರಸಂದ್ರ ಅಂದರೆ ಭೈರಸಮುದ್ರ, ಭೂಪಸಂದ್ರ ಅಂದರೆ ಭೂಪಸಮುದ್ರ. ನಗರದ ಆಚೆ ತುದಿಯ ಸಿಂಗಸಂದ್ರದಲ್ಲಿರುವುದೂ ಇದೇ ಸಮುದ್ರ. ನಮ್ಮ ತರಗತಿಯಲ್ಲಿ ಥಣಿಸಂದ್ರದಿಂದ ಬರುವ ಗೆಳತಿಯೊಬ್ಬಳನ್ನು ಎಲ್ಲರೂ ‘ಮಿಸ್ ಸಾಂಡ್ರಾ’ ಎಂದು ರೇಗಿಸುತ್ತಿದ್ದರು. ಅವಳ ಊರಿನ ಹೆಸರಿನಲ್ಲಿರುವುದು ಇಂಗ್ಲಿಷ್ ಹುಡುಗಿಯಲ್ಲ, ಒಂದು ಕೆರೆ.

ಕಾವಲ್ ಎಂಬುದೂ ಹಾಗೆಯೇ. ದನ ಮೇಯಿಸಲೆಂದು ಕಾದಿಟ್ಟ ಹುಲ್ಲುಗಾವಲಿಗೆ ಮೈಸೂರು ಸೀಮೆಯಲ್ಲಿ ಕಾವಲ್ ಎನ್ನುತ್ತಾರೆ. ಹೆಸರಘಟ್ಟದ ಕಡೆ ಅಮೃತ ಮಹಲ್ ಕಾವಲ್ ಇವತ್ತಿಗೂ ಇದೆ. ಆ ಅಮೃತ ಮಹಲ್ ಎಂಬ ಹೆಸರಿನಲ್ಲೇ ಒಂದು ಕಥೆ ಇದೆ. ಮೈಸೂರು ಅರಸರ ದನದ ಇಲಾಖೆಗೆ ಮೊದಲಿದ್ದ ಹೆಸರು ಬೆಣ್ಣೆ ಚಾವಡಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ಅಮೃತ ಮಹಲ್ ಆಯಿತು. ಅಮೃತ ಸಂಸ್ಕೃತದ್ದು, ಮಹಲ್ ಅರಬ್ಬಿಯದ್ದು, ಜೊತೆಗೆ ಸೇರಿಕೊಂಡ ಕಾವಲ್ ನಮ್ಮ ಕನ್ನಡದ್ದು. ಮೂರು ಭಾಷೆಗಳು ಒಂದು ಹುಲ್ಲುಗಾವಲಿನಲ್ಲಿ ಜಗಳವಿಲ್ಲದೆ ಮೇಯುತ್ತಿವೆ.

ಮನೆಗೆ ಬಂದು ದಾದಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಸಮುಂದರ್ ಬೋಲೇತೋ ಪಾನೀಚ್ ನಾ ಬೇಟಾ” ಎಂದರು. ಸಮುದ್ರ ಅಂದರೆ ನೀರೇ ತಾನೆ! ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿ ಎಲ್ಲೆಲ್ಲಿ ನೀರು ನಿಲ್ಲುತ್ತಿತ್ತು, ಎಲ್ಲಿ ಬಟ್ಟೆ ಒಗೆಯುತ್ತಿದ್ದರು ಎಂದು ಒಂದು ಗಂಟೆ ಹೇಳಿದರು. ನಾನು ನಿಘಂಟಿನಲ್ಲಿ ಹುಡುಕಬೇಕಾದದ್ದು ಅವರ ನೆನಪಿನಲ್ಲಿತ್ತು.

ಹೆಬ್ಬಾಳದ ಕಲ್ಲು

ಅಲ್ಲಿಂದ ನನಗೆ ಇದರ ಹುಚ್ಚು ಹಿಡಿಯಿತು. ನಾವು ದಿನವೂ ಶಪಿಸುತ್ತಾ ದಾಟುವ ಹೆಬ್ಬಾಳದ ಮೇಲ್ಸೇತುವೆಯನ್ನೇ ತೆಗೆದುಕೊಳ್ಳಿ. ಹೆಬ್ಬಾಳ ಎಂದರೇನು?

2018ರಲ್ಲಿ ಹೆಬ್ಬಾಳದ ಬಡಾವಣೆಯೊಂದರಲ್ಲಿ ನೆಲ ಅಗೆಯುವಾಗ ಒಂದು ಕಲ್ಲು ಸಿಕ್ಕಿತು. ಅದರ ಮೇಲೆ ಹಳಗನ್ನಡದ ಅಕ್ಷರಗಳಿದ್ದವು. ಓದಿದ ವಿದ್ವಾಂಸರು ಅದು ಗಂಗರ ಅರಸ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು ಎಂದು ಹೇಳಿದ್ದಾರೆ. ಕಾಳಗದಲ್ಲಿ ಮಡಿದ ಕಿಟ್ಟಯ್ಯ ಎಂಬ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಬೆಂಗಳೂರು ಪ್ರದೇಶದಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಆಸಕ್ತರು ಹಣ ಕೂಡಿಸಿ ಅದಕ್ಕೊಂದು ಮಂಟಪ ಕಟ್ಟಿದ್ದಾರೆ.

ಆ ಕಲ್ಲಿನಲ್ಲಿ ಈ ಪ್ರದೇಶದ ಹೆಸರಿದೆ: ಪೆರ್ಬೊಳಲ್ನಾಡು ಮೂವತ್ತು. ನಾಡಿನ ಹೆಸರಿನ ಜೊತೆ ಸಂಖ್ಯೆ ಹೇಳುವುದು ಆಗಿನ ವಾಡಿಕೆ. ಗಂಗವಾಡಿ 96000, ಬನವಾಸಿ 12000 ಎಂದು ಇತಿಹಾಸದ ಪಾಠದಲ್ಲಿ ಓದಿದ್ದೇವಲ್ಲ, ಹಾಗೆ. ಪೆರ್ ಎಂದರೆ ಹಿರಿದು, ದೊಡ್ಡದು. ಪೊಳಲ್ ಎಂದರೆ ಪಟ್ಟಣ. ಪೆರ್ಬೊಳಲ್ ಎಂದರೆ ದೊಡ್ಡ ಪಟ್ಟಣ.

ಪೆರ್ಬೊಳಲ್ ಹೆಬ್ಬಾಳ ಆದದ್ದು ಹೇಗೆ ಎಂದು ತಿಳಿಯಲು ಹಳಗನ್ನಡದ ಪಾಠ ನೆನಪಿಸಿಕೊಂಡರೆ ಸಾಕು. ಹಳಗನ್ನಡದಲ್ಲಿ ‘ಪ’ಕಾರದಿಂದ ಶುರುವಾಗುವ ಎಷ್ಟೋ ಪದಗಳು ಹೊಸಗನ್ನಡದಲ್ಲಿ ‘ಹ’ಕಾರ ಪಡೆದವು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಹಾಗೆಯೇ ಪೆರ್ ಎಂಬುದು ಹೆರ್ ಆಗಿ, ಮುಂದಿನ ಅಕ್ಷರದೊಂದಿಗೆ ಬೆರೆತು ಹೆಬ್, ಹೆದ್, ಹೆಮ್ ಆಯಿತು. ಹೆಬ್ಬಾಗಿಲು, ಹೆಬ್ಬಂಡೆ, ಹೆದ್ದಾರಿ, ಹೆಮ್ಮರ, ಹೆಜ್ಜೇನು ಎಲ್ಲವೂ ಒಂದೇ ಮನೆಯ ಮಕ್ಕಳು. ಹೆಬ್ಬಾಳದಲ್ಲಿ ಹೆದ್ದಾರಿ ಇದೆ ಎಂದರೆ ಎರಡೂ ಪದಗಳಲ್ಲಿ ದೊಡ್ಡತನ ಇದೆ. ಅಷ್ಟು ದೊಡ್ಡತನ ಇದ್ದರೂ ಬೆಳಿಗ್ಗೆ ಎಂಟೂವರೆಗೆ ಅಲ್ಲಿ ಜಾಗ ಇರುವುದಿಲ್ಲ, ಅದು ಬೇರೆ ಮಾತು. ಪೊಳಲ್ ಎಂಬುದು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಲ್ಲಿ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ. ಮನೆಯಲ್ಲಿ ತಮಿಳು ಮಾತಾಡುವ ಗೆಳೆಯರಿಗೆ ಇದು ಇನ್ನೂ ಸುಲಭ. ಅವರು ಈಗಲೂ ಪಾಲ್, ಪೂ, ಪುಲಿ ಎನ್ನುತ್ತಾರೆ, ದೊಡ್ಡದಕ್ಕೆ ಪೆರಿಯ ಎನ್ನುತ್ತಾರೆ.

ಯಲಹಂಕದ ಕಥೆಯೂ ಕಡಿಮೆಯದಲ್ಲ. ತಮಿಳು ಶಾಸನಗಳಲ್ಲಿ ಈ ಸೀಮೆಯ ಹೆಸರು ಇಲೈಪಾಕ್ಕ ನಾಡು. ಇಂದು ನಗರದ ಪೂರ್ವಕ್ಕಿರುವ ದೊಮ್ಮಲೂರನ್ನು 13ನೇ ಶತಮಾನದ ಶಾಸನಗಳು ಇದೇ ನಾಡಿಗೆ ಸೇರಿಸಿ ಹೇಳುತ್ತವೆ. 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆ ಕಟ್ಟಿದ ಕೆಂಪೇಗೌಡರ ಮನೆತನವನ್ನು ಇತಿಹಾಸ ಕರೆಯುವುದು ಯಲಹಂಕ ನಾಡಪ್ರಭುಗಳು ಎಂದು. ಈಗ ನಾವು ‘ಯಲಹಂಕವಾ? ಅದು ಔಟ್‌ಸೈಡು’ ಎನ್ನುತ್ತೇವೆ. ನಗರವನ್ನು ಕಟ್ಟಿದವರು ಬಂದದ್ದು ಆ ಔಟ್‌ಸೈಡಿನಿಂದಲೇ.

ಎಲ್ಲ ಹೆಸರುಗಳೂ ಹೀಗೆ ಹಳೆಯವೇನಲ್ಲ. ಆರ್‌.ಟಿ. ನಗರ ಎಂದರೆ ರವೀಂದ್ರನಾಥ ಟ್ಯಾಗೋರ್ ನಗರ. ಈ ಲೇಖನಕ್ಕಾಗಿ ನಮ್ಮ ತರಗತಿಯ ಹನ್ನೊಂದು ಜನರನ್ನು ಕೇಳಿದೆ, ಇಬ್ಬರಿಗೆ ಗೊತ್ತಿತ್ತು. ಒಬ್ಬ ‘ರಿಂಗ್ ರೋಡ್ ಟರ್ನಿಂಗ್’ ಎಂದ. ನೊಬೆಲ್ ಪ್ರಶಸ್ತಿ ಪಡೆದ ಕವಿಯನ್ನು ನಾವು ಎರಡು ಅಕ್ಷರ ಮಾಡಿ ಬಸ್ಸಿನ ಬೋರ್ಡಿಗೆ ಅಂಟಿಸಿಬಿಟ್ಟಿದ್ದೇವೆ.

‘ಸಿಇಟಿಯಲ್ಲಿ ಇದು ಬರುತ್ತಾ?’

ವಿಜ್ಞಾನ ವಿಭಾಗದ ಗೆಳತಿಯೊಬ್ಬಳು ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಹೆಸರಿನ ಅರ್ಥ ಗೊತ್ತಾದರೆ ಹೊಟ್ಟೆ ತುಂಬುತ್ತದೆಯೇ?

ಅದಕ್ಕೆ ನನ್ನ ಹತ್ತಿರ ಎರಡು ಉತ್ತರಗಳಿವೆ. ಮೊದಲನೆಯದು ನೀರಿನದು. 2024ರ ಅಕ್ಟೋಬರ್ ಮಳೆಯಲ್ಲಿ ಯಲಹಂಕದ ಅಪಾರ್ಟ್‌ಮೆಂಟ್ ಒಂದಕ್ಕೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಹೊರಗೆ ಕರೆತಂದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಪ್ರತಿ ಮಳೆಗಾಲದಲ್ಲೂ ನಗರದ ಒಂದಲ್ಲ ಒಂದು ಕಡೆ ಇದೇ ಗೋಳು. ಕೆರೆ, ಕೋಡಿ, ಹಳ್ಳ, ಸಂದ್ರ ಇವೆಲ್ಲ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಎಂದು ಹಿರಿಯರು ನೆಲಕ್ಕೆ ಬರೆದಿಟ್ಟ ಟಿಪ್ಪಣಿಗಳು. ಊರಿನ ಹೆಸರಿನಲ್ಲೇ ಸಮುದ್ರ ಇರುವಾಗ ಮನೆ ಕಟ್ಟುವ ಮೊದಲು ‘ಆ ಸಮುದ್ರ ಎಲ್ಲಿತ್ತು?’ ಎಂದು ಒಂದು ಮಾತು ಕೇಳಬೇಕಿತ್ತು. ಈಗ ಬರುವ ಅಪಾರ್ಟ್‌ಮೆಂಟುಗಳ ಹೆಸರು ನೋಡಿ. ಲೇಕ್ ವ್ಯೂ ಎಂದಿರುತ್ತದೆ, ಲೇಕ್ ಇರುವುದಿಲ್ಲ. ಹಳೆಯ ಹೆಸರು ಇದ್ದದ್ದನ್ನು ಹೇಳುತ್ತಿತ್ತು, ಹೊಸ ಹೆಸರು ಮಾರಬೇಕಾದದ್ದನ್ನು ಹೇಳುತ್ತದೆ. ಸಿವಿಲ್ ಎಂಜಿನಿಯರ್ ಆಗಬೇಕೆಂದಿರುವ ನನ್ನ ಗೆಳತಿ ಸಿಇಟಿಗಲ್ಲದಿದ್ದರೂ ಕೆಲಸಕ್ಕಾದರೂ ಇದನ್ನು ಕಲಿಯಬೇಕು.

ಎರಡನೆಯ ಉತ್ತರ ಸುಳ್ಳಿನದು. ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಎಂದು ಯಾರನ್ನೇ ಕೇಳಿ, ವೀರಬಲ್ಲಾಳ ಮತ್ತು ಅಜ್ಜಿಯ ಬೆಂದ ಕಾಳಿನ ಕಥೆ ಹೇಳುತ್ತಾರೆ. ಕಥೆ ಸೊಗಸಾಗಿದೆ, ನನಗೂ ಇಷ್ಟ. ಆದರೆ ಬೇಗೂರಿನ ದೇವಾಲಯದಲ್ಲಿರುವ ಸುಮಾರು 890ರ ವೀರಗಲ್ಲಿನಲ್ಲಿ ‘ಬೆಂಗಳೂರ ಕಾಳೆಗ’ ಎಂಬ ಮಾತು ಆಗಲೇ ಇದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅರಸ ಹಸಿದು ಬರುವುದಕ್ಕೆ ಸುಮಾರು 300 ವರ್ಷ ಮೊದಲೇ ಊರಿಗೆ ಹೆಸರಿತ್ತು. ಕೇಳಲು ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಒಂದು ಮಾತು ನಿಜವಾಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೆ ನೂರು ‘ಇತಿಹಾಸ’ಗಳು ಬಂದು ಬೀಳುವ ಈ ಕಾಲದಲ್ಲಿ ಇಷ್ಟು ಕಲಿತರೂ ದೊಡ್ಡ ಲಾಭವೇ.

ಮೂಲ ಎಲ್ಲಿಂದ ಶುರು?

ಈಗ ಕಷ್ಟದ ಮಾತಿಗೆ ಬರುತ್ತೇನೆ. ಹೆಸರುಗಳ ಬಗ್ಗೆ ಮಾತು ಶುರುವಾದರೆ ಅದು ಬೇಗನೆ ಇನ್ನೊಂದು ಕಡೆಗೆ ಹೊರಳುತ್ತದೆ. ‘ಈ ಹೆಸರು ನಮ್ಮದು, ಆ ಹೆಸರು ಹೊರಗಿನದು, ಮೂಲ ಹೆಸರು ವಾಪಸ್ ತರಬೇಕು’ ಎಂಬ ವಾದ ಕೇಳಿಬರುತ್ತದೆ. ನಮ್ಮ ಪಕ್ಕದ ಸುಲ್ತಾನ್‌ಪಾಳ್ಯದ ಹೆಸರು ಕೇಳಿದಾಗ ಕೆಲವರ ಮುಖದಲ್ಲಿ ಒಂದು ಗೆರೆ ಮೂಡುವುದನ್ನು ನಾನು ಕಂಡಿದ್ದೇನೆ. ನಮ್ಮವರಲ್ಲೂ ಕೆಲವರು ಹಳ್ಳಿ, ಪಾಳ್ಯ, ಸಂದ್ರ ಎಂಬ ಹೆಸರುಗಳು ನಮಗೆ ಸಂಬಂಧಪಟ್ಟವಲ್ಲ ಎಂಬಂತೆ ಇರುತ್ತಾರೆ. ಇಬ್ಬರದೂ ತಪ್ಪು ಎಂದು ನನಗನ್ನಿಸುತ್ತದೆ.

ಮೂಲ ಎಂದರೆ ಯಾವುದು? ಹೆಬ್ಬಾಳದ ಮೂಲ ಪೆರ್ಬೊಳಲ್. ಹಾಗಂತ ನಾಳೆಯಿಂದ ಬಿಎಂಟಿಸಿ ಬಸ್ಸಿಗೆ ಪೆರ್ಬೊಳಲ್ ಎಂದು ಬರೆಯೋಣವೇ? ಯಲಹಂಕಕ್ಕೆ ಇಲೈಪಾಕ್ಕ ಎನ್ನೋಣವೇ? ‘ಯಲಹಂಕ ತಾಲೂಕು, ಬೆಂಗಳೂರು ನಗರ ಜಿಲ್ಲೆ’ ಎಂದು ಬರೆಯುವಾಗ ತಾಲೂಕು ಮತ್ತು ಜಿಲ್ಲೆ ಎರಡೂ ಅರಬ್ಬಿಯಿಂದ ಬಂದವು. ಅವನ್ನು ತೆಗೆದರೆ ನಮ್ಮ ವಿಳಾಸವೇ ಅರ್ಧವಾಗುತ್ತದೆ.

ಪ್ರಪಂಚದಲ್ಲಿ ಬೇರೆಯವರು ಏನು ಮಾಡಿದ್ದಾರೆ ನೋಡಿ. ಪೋರ್ಚುಗಲ್ ದೇಶದ ದಕ್ಷಿಣ ತುದಿಯ ಪ್ರಾಂತ್ಯದ ಹೆಸರು ಅಲ್ಗಾರ್ವ್. ಇದು ಅರಬ್ಬಿಯ ಅಲ್-ಗರ್ಬ್, ಅಂದರೆ ಪಶ್ಚಿಮ. ಮುಸ್ಲಿಮರು ಆಳುತ್ತಿದ್ದ ಅಲ್-ಅಂದಲೂಸ್‌ನ ಪಡುವಣ ಭಾಗ ಅದು. ಸೂರ್ಯ ಮುಳುಗಿದ ಮೇಲೆ ನಾವು ಮಾಡುವ ಮಗ್ರಿಬ್ ನಮಾಜಿನ ಹೆಸರು ಬಂದದ್ದೂ ಇದೇ ಧಾತುವಿನಿಂದ. ಮೊರಾಕ್ಕೊ ದೇಶಕ್ಕೆ ಅರಬ್ಬಿಯಲ್ಲಿರುವ ಹೆಸರು ಅಲ್-ಮಗ್ರಿಬ್ ಆದದ್ದೂ ಹಾಗೆಯೇ. 1249ರಲ್ಲಿ ಪೋರ್ಚುಗಲ್‌ನ ಅರಸ ಆ ಪ್ರಾಂತ್ಯವನ್ನು ಗೆದ್ದುಕೊಂಡ. ಆಳ್ವಿಕೆ ಬದಲಾಯಿತು, ಭಾಷೆ ಬದಲಾಯಿತು, ಧರ್ಮ ಬದಲಾಯಿತು. ಹೆಸರು ಮಾತ್ರ ಉಳಿಯಿತು. ಉಳಿದದ್ದಷ್ಟೇ ಅಲ್ಲ, 1910ರಲ್ಲಿ ಅರಸೊತ್ತಿಗೆ ಕೊನೆಗೊಳ್ಳುವವರೆಗೂ ಅಲ್ಲಿನ ದೊರೆಗಳು ತಮ್ಮ ಬಿರುದಿನಲ್ಲಿ ಪೋರ್ಚುಗಲ್ ಜೊತೆ ಅಲ್ಗಾರ್ವ್ ಹೆಸರನ್ನೂ ಹೇಳಿಕೊಳ್ಳುತ್ತಿದ್ದರು. ಪಕ್ಕದ ಸ್ಪೇನ್‌ನಲ್ಲಿ ಗ್ವಾಡಲ್‌ಕಿವಿರ್ ಎಂಬ ನದಿ ಇದೆ. ಅದು ವಾದಿ ಅಲ್-ಕಬೀರ್, ಅಂದರೆ ದೊಡ್ಡ ನದಿ. ನಮ್ಮ ಹೆಬ್ಬಾಳದ ‘ಪೆರ್’ ಮತ್ತು ಆ ನದಿಯ ‘ಕಬೀರ್’ ಎರಡರ ಅರ್ಥವೂ ಒಂದೇ. ಇನ್ನು ಹೊರಗಿನ ಹೆಸರು ಬೇಡ ಎನ್ನುವುದೇ ಆದರೆ, ಸಮುದ್ರ ದಾಟಿ ಬಂದ ಆಂಗಲ್ ಎಂಬ ಜನರಿಂದ ಹೆಸರು ಪಡೆದ ಇಂಗ್ಲೆಂಡ್ ಕೂಡ ಹೆಸರು ಬದಲಿಸಿಕೊಳ್ಳಬೇಕಾಗುತ್ತದೆ.

ಹಾಗಾದರೆ ಹೆಸರು ಬದಲಿಸುವುದೇ ತಪ್ಪೇ? ಅಲ್ಲ. 1956ರಲ್ಲಿ ಒಂದಾದ ನಮ್ಮ ರಾಜ್ಯಕ್ಕೆ ಮೈಸೂರು ಎಂದೇ ಹೆಸರಿತ್ತು. ಧಾರವಾಡದವರಿಗೂ ಕಲಬುರಗಿಯವರಿಗೂ ಮಂಗಳೂರಿನವರಿಗೂ ಅದು ತಮ್ಮ ಹೆಸರು ಅನ್ನಿಸಲಿಲ್ಲ. 1973ರ ನವೆಂಬರ್ 1ರಂದು ಕರ್ನಾಟಕ ಎಂದಾದಾಗ ಎಲ್ಲರಿಗೂ ಅದರೊಳಗೆ ಜಾಗ ಸಿಕ್ಕಿತು. 2014ರಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂದಾಗ, ಜನ ಆಡುತ್ತಿದ್ದ ಮಾತೇ ಇಂಗ್ಲಿಷ್ ಕಾಗದಕ್ಕೂ ಬಂತು. ಇವು ಒಳ್ಳೆಯ ಬದಲಾವಣೆಗಳು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬುದು ಕಲ್ಯಾಣ ಕರ್ನಾಟಕವಾಯಿತು. ಬಸವಣ್ಣನವರ ಕಲ್ಯಾಣದ ನೆನಪು ಯಾರಿಗೆ ಬೇಡ? ಆದರೆ ಅಲ್ಲಿನ ಮಕ್ಕಳಿಗೆ ಶಾಲೆ, ಕೆಲಸ, ಆಸ್ಪತ್ರೆ ಸಿಕ್ಕಾಗಲೇ ಆ ಹೆಸರಿನ ಅರ್ಥ ಪೂರ್ತಿಯಾಗುವುದು.

ನನ್ನ ಅಳತೆಗೋಲು ಇಷ್ಟೇ. ಹೊಸ ಹೆಸರು ಇನ್ನಷ್ಟು ಜನರನ್ನು ಒಳಗೆ ಕರೆದರೆ ಅದು ಒಳ್ಳೆಯದು. ಯಾರನ್ನೋ ಹೊರಗಿಡುವುದಕ್ಕೆಂದೇ ಹಳೆಯ ಹೆಸರನ್ನು ಅಳಿಸಿದರೆ ಅದು ನಷ್ಟ, ಅಳಿಸುವವರಿಗೂ ನಷ್ಟ. ಏಕೆಂದರೆ ಹೆಸರು ಬಹುಮಾನವಲ್ಲ, ಸಾಕ್ಷಿ. ಇಲ್ಲಿ ಗಂಗರಿದ್ದರು, ಚೋಳರಿದ್ದರು, ಹೊಯ್ಸಳರಿದ್ದರು, ನಾಡಪ್ರಭುಗಳಿದ್ದರು, ಸುಲ್ತಾನರಿದ್ದರು, ಟ್ಯಾಗೋರರನ್ನು ಮೆಚ್ಚಿದವರಿದ್ದರು ಎಂದು ಅದು ಹೇಳುತ್ತದೆ. ಸಾಕ್ಷಿ ಹೇಳುವವರನ್ನು ಹೊರಗೆ ಕಳಿಸಿದರೆ ಕಥೆ ಅರ್ಧವೇ ಉಳಿಯುತ್ತದೆ.

ನಮ್ಮ ನಾಲ್ಕು ತಂಡಗಳು

ಈಗ ವಿದ್ಯಾರ್ಥಿ ಸಂಘದ ವಿಷಯ. ಕ್ರೀಡಾಕೂಟಕ್ಕೆ ನಮ್ಮ ನಾಲ್ಕು ತಂಡಗಳಿಗೆ ಕೆಂಪು, ನೀಲಿ, ಹಸಿರು, ಹಳದಿ ಬಿಟ್ಟು ಹೊಸ ಹೆಸರು ಕೊಡಬೇಕೆಂದು ಸಲಹೆ ಕೇಳಿದ್ದಾರೆ. ಪೆಟ್ಟಿಗೆಯಲ್ಲಿ ಈವರೆಗೆ ಬಿದ್ದಿರುವ ಚೀಟಿಗಳಲ್ಲಿ ಸ್ಪಾರ್ಟನ್ಸ್, ವೈಕಿಂಗ್ಸ್, ಟೈಟನ್ಸ್ ಇವೆಯಂತೆ. ಸ್ಪಾರ್ಟಾದವರ ಮೇಲೆ ನನಗೇನೂ ಕೋಪವಿಲ್ಲ. ಆದರೆ ಅವರಿಗೆ ಹೆಬ್ಬಾಳದ ಟ್ರಾಫಿಕ್ ಗೊತ್ತಿಲ್ಲ.

ನನ್ನ ಚೀಟಿ ಇದು: ಪೊಳಲ್, ನಾಡು, ಕಾವಲ್, ಸಮುದ್ರ. ಪಟ್ಟಣ, ಸೀಮೆ, ಹುಲ್ಲುಗಾವಲು, ಕೆರೆ. ನಮ್ಮ ಉತ್ತರ ಬೆಂಗಳೂರು ಆದದ್ದು ಈ ನಾಲ್ಕರಿಂದ. ಯಾವ ಧರ್ಮದವರೂ ಯಾವ ಜಾತಿಯವರೂ ಇವು ತಮ್ಮದಲ್ಲ ಎನ್ನಲು ಕಾರಣವಿಲ್ಲ. ‘ಕಮಾನ್ ಸಮುದ್ರ!’ ಎಂದು ಕೂಗುವಾಗ ಗಂಟಲಿಗೂ ಚೆನ್ನಾಗಿರುತ್ತದೆ.

ಇನ್ನೊಂದು ಕೋರಿಕೆ ಎಲ್ಲರಿಗೂ. ಈ ರಜೆಯಲ್ಲಿ ಮನೆಯ ಹಿರಿಯರ ಹತ್ತಿರ ಕುಳಿತು ನಿಮ್ಮ ಬಡಾವಣೆಯ ಹೆಸರಿನ ಬಗ್ಗೆ ಕೇಳಿ. ಅಲ್ಲಿ ಏನಿತ್ತು, ಯಾರಿದ್ದರು, ನೀರು ಎಲ್ಲಿತ್ತು ಎಂದು ಒಂದು ಪುಟ ಬರೆದು ಗ್ರಂಥಾಲಯದಲ್ಲಿ ಕೊಡಿ. ಉಪನ್ಯಾಸಕರು ಒಪ್ಪಿದರೆ ಅದನ್ನೆಲ್ಲ ಸೇರಿಸಿ ಒಂದು ದೊಡ್ಡ ನಕ್ಷೆ ಮಾಡಿ ಗೋಡೆಗೆ ಹಾಕೋಣ. ಒಂದು ಶನಿವಾರ ಹೆಬ್ಬಾಳದ ಕಿಟ್ಟಯ್ಯನ ಕಲ್ಲನ್ನೂ ನೋಡಿ ಬರೋಣ. ಪ್ರವಾಸಕ್ಕೆ ಮೈಸೂರೇ ಆಗಬೇಕೆಂದಿಲ್ಲ, ಸುಮಾರು 1270 ವರ್ಷದ ಹಿಂದಿನ ನೆರೆಯವನೊಬ್ಬ ಬಸ್ ಪಾಸಿನ ದೂರದಲ್ಲೇ ಇದ್ದಾನೆ.

ಆ ತೀರ್ಪುಗಾರರು ಇನ್ನೊಮ್ಮೆ ಸಿಕ್ಕರೆ ನನ್ನ ಉತ್ತರ ಸಿದ್ಧವಾಗಿದೆ. “ಮೂಲ ಊರು ಕಾವಲ್ ಬೈರಸಂದ್ರವೇ ಸರ್. ಹುಲ್ಲುಗಾವಲಿನ ಪಕ್ಕದ ಭೈರಸಮುದ್ರ. ನಮ್ಮ ದಾದಿಗೆ ಅಲ್ಲಿ ನೀರು ಎಲ್ಲಿ ನಿಲ್ಲುತ್ತಿತ್ತು ಅಂತಲೂ ಗೊತ್ತು. ನಿಮ್ಮ ಊರಿನ ಹೆಸರಿನ ಅರ್ಥವೇನು ಸರ್?”

— ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ